ಆಡು ಮುಟ್ಟಬಾರದ ಸೊಪ್ಪು



ಈ ಹೊತ್ತು ಆಡುಗಳ ಮೇವಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಯಾವ ಸೊಪ್ಪು ಹಾಕಬಹುದು, ಯಾವುದನ್ನು ಹಾಕಬಾರದು ಎಂಬುದೇ ಆ ಮಾತು. "ಇದೇನು ಮಹಾ ವಿಷಯ ಸ್ವಾಮಿ, ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೇನೇ ಇಲ್ವೆ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಗಾದೆ ಸುಳ್ಳಲ್ಲ. ಆದರೆ ಗಾದೆಯಲ್ಲಿ ಹೇಳಿರುವುದು ಮುಟ್ಟುವ ಮಾತು, ಹೊಟ್ಟೆ ತುಂಬ ತಿನ್ನುವ ಮಾತಲ್ಲ. ಆಡು ಎಲ್ಲಕ್ಕೂ ಬಾಯಿ ಹಾಕುತ್ತದೆ, ಒಂದು ತುದಿ ಕಚ್ಚುತ್ತದೆ, ಸರಿಬೀಳದಿದ್ದರೆ ಬಿಟ್ಟು ಮುಂದಿನ ಗಿಡಕ್ಕೆ ಹೋಗುತ್ತದೆ. ಗಾದೆಗೆ ಒಂದು ಹೊರತೂ ಉಂಟು. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ ನಿಮಗೆ ಗೊತ್ತು. ಅದಕ್ಕೆ ತಮಿಳಿನವರು ಇಟ್ಟ ಹೆಸರಿನ ಅರ್ಥವೇ 'ಆಡು ತೊಡದ್ದು', ಅಂದರೆ ಆಡು ಮುಟ್ಟದ್ದು ಎಂದು ಹೇಳುತ್ತಾರೆ. ನಮ್ಮ ಬೋರೆಗಳಲ್ಲಿ ಬೆಳೆಯುವ ತಂಗಡಿ, ಬಂದರೆ ಇವನ್ನೂ ಆಡು ಮೂಸಿ ನೋಡಿ ಬಿಟ್ಟುಬಿಡುವುದನ್ನು ಮೇಯಿಸುವ ಹುಡುಗರೆಲ್ಲ ಕಂಡಿದ್ದಾರೆ.

ಹಾಗಾದರೆ ಆಡಿಗೆ ತನ್ನ ಮೇವು ತಾನೇ ಗೊತ್ತು, ನಾವು ಹೇಳುವುದೇನಿದೆ? ನಾಗಮಂಗಲ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರು, ಮನೆಯವರ ಹೆಸರು ಬೇಡ.

ಆ ವರ್ಷ ಮುಂಗಾರು ಸರಿಯಾಗಿ ಹಿಡಿಯಲಿಲ್ಲ. ಮೇವಿಗೆಂದು ಬಿತ್ತಿದ್ದ ಜೋಳ ಮೊಣಕಾಲುದ್ದ ಬಂದು ಬಾಡಿತು. ಜೋಳವೆಂದರೆ ಮುಸುಕಿನ ಜೋಳವಲ್ಲ, ರೊಟ್ಟಿಯ ಜೋಳ. ಇದ್ದಷ್ಟನ್ನು ಕುಯ್ದುಕೊಂಡರು. ಆಮೇಲೆ ಒಂದು ಮಳೆ ಬಿತ್ತು. ಕೂಳೆಯಿಂದ ಎಳೆ ಸುಳಿ ಒಡೆದು, ನೋಡುವುದಕ್ಕೆ ಗಿಳಿಯ ಬಣ್ಣವಾಗಿ ನಿಂತಿತು. ಆ ಮನೆಯಲ್ಲಿ ಮೂರು ಆಡು. ದಿನವೂ ಮೇಯಿಸಿಕೊಂಡು ಬರುತ್ತಿದ್ದ ಅತ್ತೆ ಜ್ವರದಿಂದ ಮಲಗಿದ್ದರು. ಸೊಸೆ ಕೂಲಿಗೆ ಹೋಗಬೇಕು. ಹಿಂದಿನ ದಿನ ಮಧ್ಯಾಹ್ನದಿಂದ ಆಡುಗಳು ಗೂಟದಲ್ಲೇ ಇದ್ದವು. ಬೆಳಿಗ್ಗೆ ಆಕೆ ಒಂದು ಹೊರೆ ಕೂಳೆ ಜೋಳ ಕುಯ್ದು ತಂದು ಅವುಗಳ ಮುಂದೆ ಹಾಕಿದರು. ಒಂದು ಆಡು ಅಷ್ಟರಲ್ಲಿ ಹಗ್ಗ ಬಿಡಿಸಿಕೊಂಡು ಹಿತ್ತಿಲಿಗೆ ಹೋಗಿ, ಒಟ್ಟಿದ್ದ ಹುರುಳಿ ಹೊಟ್ಟಿಗೆ ಬಾಯಿ ಹಾಕಿತ್ತು. ಆಮೇಲೆ ಬಂದು ಜೋಳವನ್ನೂ ನಾಲ್ಕು ಬಾಯಿ ತಿಂದಿತು. ಹಸಿದಿದ್ದ ಇನ್ನೆರಡು ಗಬಗಬನೆ ಮೇದವು. ಅರ್ಧ ಗಂಟೆ ಆಗಿರಲಿಲ್ಲ, ಏದುಸಿರು ಬಿಡತೊಡಗಿ, ಕಾಲು ಎಳೆದು ಬಿದ್ದವು. ನಾನು ಹೋಗುವ ವೇಳೆಗೆ ಎರಡೂ ಮುಗಿದಿದ್ದವು. ಹೊಟ್ಟು ತಿಂದಿದ್ದ ಆಡು ತೂರಾಡುತ್ತಿತ್ತು. ಸೂಜಿ ಚುಚ್ಚಿದ ಮೇಲೆ ಸಂಜೆಯ ಹೊತ್ತಿಗೆ ಚೇತರಿಸಿಕೊಂಡಿತು.

ಆ ತಾಯಿ ಹೇಳಿದ ಮಾತು ಇದು: "ದಿನಾಲೂ ಬೇಲೀಲಿ ಸಿಕ್ಕಿದ್ನೆಲ್ಲಾ ತಿನ್ಕಂಡ್ ಬತ್ತಿದ್ವು ಡಾಕ್ಟ್ರೆ, ಏನೂ ಆಯ್ತಿರ್ನಿಲ್ಲ. ನಾನು ಒಳ್ಳೆ ಮೇವು ಅಂತ ಕುಯ್ದಾಕಿದ್ ದಿವ್ಸಾನೇ ಹಿಂಗಾಗೋಯ್ತಲ್ಲ!"

ಸತ್ತ ಎರಡರಲ್ಲಿ ಒಂದು ಗಬ್ಬದ ಆಡು, ಇನ್ನೊಂದು ಹಬ್ಬಕ್ಕೆ ಮಾರಿ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕೆಂದು ಇಟ್ಟಿದ್ದ ಹೋತ. ಆಡನ್ನು ಬಡವರ ಹಸು ಎನ್ನುವುದು ಸುಮ್ಮನೆ ಅಲ್ಲ.

ಆಕೆಯ ಮಾತಿನಲ್ಲೇ ನಾನು ಇವತ್ತು ಹೇಳಬೇಕಾದ್ದೆಲ್ಲ ಇದೆ. ಬೇಲಿಯ ಮೇಲೆ ಮೇಯುವಾಗ ಆರಿಸುವುದು ಆಡು. ಗೂಟಕ್ಕೆ ಕಟ್ಟಿ ಹಾಕಿದಾಗ ಆರಿಸುವವರು ನಾವು. ಆಡಿನ ಜಾಣತನವನ್ನು ನಾವು ಕಟ್ಟಿಹಾಕಿದ ಮೇಲೆ, ಅದರ ಬದಲು ನಮ್ಮ ಜಾಣತನ ಕೆಲಸ ಮಾಡಬೇಕು.

ಆಡಿನ ಈ ಜಾಣತನ ಬಂದದ್ದೆಲ್ಲಿಂದ? ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಪ್ರೊವೆನ್ಜಾ ಎಂಬ ವಿದ್ವಾಂಸರು ಆಡು ಕುರಿಗಳ ಮೇಲೆ ಬಹಳ ವರ್ಷ ಪರೀಕ್ಷೆ ನಡೆಸಿ ತೋರಿಸಿದರು. ಮರಿ ತಾಯಿಯ ಹಿಂದೆ ಹೋಗಿ, ತಾಯಿ ತಿಂದದ್ದನ್ನು ತಿಂದು ಕಲಿಯುತ್ತದೆ. ಎರಡನೆಯದಾಗಿ ಹೊಟ್ಟೆಯೇ ಅದಕ್ಕೆ ಮೇಷ್ಟರು. ಒಂದು ಸೊಪ್ಪು ತಿಂದ ಮೇಲೆ ಹೊಟ್ಟೆ ತೊಳಸಿದರೆ ಆಡು ಅದನ್ನು ಮರೆಯುವುದಿಲ್ಲ. ಮತ್ತೊಮ್ಮೆ ಕಡಿಮೆ ತಿನ್ನುತ್ತದೆ, ಇಲ್ಲವೆ ಬಿಟ್ಟುಬಿಡುತ್ತದೆ. ಇದು ನಮ್ಮ ಕುರಿಗಾಹಿಗಳಿಗೆ ಹೊಸ ವಿಷಯವೇನೂ ಅಲ್ಲ. ಆದರೆ ಇದರಿಂದ ತಿಳಿಯುವ ಇನ್ನೊಂದು ಮಾತನ್ನು ಗಮನಿಸಬೇಕು. ಮೊದಲ ಸಲಕ್ಕೇ ಕೊಲ್ಲುವ ವಿಷ ಪಾಠ ಕಲಿಸುವುದಿಲ್ಲ, ಏಕೆಂದರೆ ಕಲಿಯುವುದಕ್ಕೆ ಆಡೇ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಮೆಲ್ಲಗೆ ಏರುವ ವಿಷವೂ ಪಾಠ ಕಲಿಸುವುದಿಲ್ಲ, ಏಕೆಂದರೆ ತಿಂದ ದಿನ ಹೊಟ್ಟೆಗೆ ಏನೂ ಆಗುವುದಿಲ್ಲ. ಈ ಎರಡು ಜಾತಿಯ ವಿಷಗಳನ್ನು ನಾವು ಕಾಯಬೇಕು. ನಡುವಿನದನ್ನು ಬಹುಮಟ್ಟಿಗೆ ಆಡೇ ನೋಡಿಕೊಳ್ಳುತ್ತದೆ.

ಸಂತೆಯಿಂದ ತಂದ ಆಡಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ತೆಂಡೇಕೆರೆ ಸಂತೆಯಲ್ಲಿ ಬೇರೆ ಸೀಮೆಯ ಆಡು ಕೊಂಡು ತರುತ್ತೀರಿ. ಅದು ನಿಮ್ಮ ಊರಿನ ಗಿಡಗಳನ್ನು ಕಂಡೇ ಇಲ್ಲ. ಜೊತೆಗೆ ಗಾಡಿಯಲ್ಲಿ ಬಂದು ಹಸಿದಿರುತ್ತದೆ. ಅಂಥದ್ದನ್ನು ಬಂದ ದಿನವೇ ಬೇಲಿಗೆ ಬಿಡಬಾರದು. ಮೊದಲು ಒಣಮೇವು, ನೀರು. ನಾಲ್ಕು ದಿನ ಕಳೆದ ಮೇಲೆ ಊರಿನ ಆಡಿನ ಜೊತೆ ಮೇಯಲು ಬಿಡತಕ್ಕದ್ದು.

ಈಗ ಜೋಳದ ವಿಷಯಕ್ಕೆ ಬರೋಣ. ಎಳೆ ಜೋಳದ ಗರಿಯಲ್ಲಿ ಸಯನೈಡ್ ಹುಟ್ಟುವ ವಸ್ತು ಇದೆ. ಗಿಡ ಎಳೆಯದಾದಷ್ಟೂ, ಮಳೆ ಇಲ್ಲದೆ ಬಾಡಿದಷ್ಟೂ ಅದು ಹೆಚ್ಚು. ಮಳೆ ಬಿದ್ದು ಕೂಳೆ ಚಿಗುರಿದಾಗ ಇನ್ನೂ ಹೆಚ್ಚು. ಯೂರಿಯಾ ಜಾಸ್ತಿ ಹಾಕಿದ ಹೊಲದಲ್ಲೂ ಹಾಗೆಯೇ. ಅದು ರಕ್ತಕ್ಕೆ ಸೇರಿದರೆ, ರಕ್ತದಲ್ಲಿರುವ ಪ್ರಾಣವಾಯುವನ್ನು ಮೈ ಬಳಸಿಕೊಳ್ಳಲಾರದೆ ಹೋಗುತ್ತದೆ. ಕಣ್ಣಿನ ಒಳರೆಪ್ಪೆ, ಒಸಡು ಕುಂಕುಮದ ಹಾಗೆ ಕೆಂಪಾಗಿ ಕಾಣುತ್ತವೆ. ಆಡು ಉಸಿರಿಗೆ ಒದ್ದಾಡುತ್ತದೆ. ಇದಕ್ಕೆ ಮದ್ದು ಇದೆ, ಆದರೆ ರಕ್ತನಾಳಕ್ಕೆ ಕೊಡುವ ಸೂಜಿ ಮದ್ದು. ಗಳಿಗೆಯ ಲೆಕ್ಕದಲ್ಲಿ ಕೊಟ್ಟರೆ ಮಾತ್ರ ಫಲ. ಆದುದರಿಂದ ತಡೆಯುವುದೇ ಮೇಲು. ಜೋಳ ಹೂವಿಗೆ ಬರುವವರೆಗೆ ಹಸಿಯಾಗಿ ಕೊಡಬೇಡಿ. ಮಳೆಯಿಲ್ಲದೆ ಬಾಡಿದ್ದನ್ನೂ, ಕೂಳೆಯ ಎಳೆ ಚಿಗುರನ್ನೂ ಕೊಡಲೇಬೇಡಿ. ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ ಹುಲ್ಲು ಮಾಡಿದರೆ ವಿಷ ಬಹುಮಟ್ಟಿಗೆ ಹಾರಿಹೋಗುತ್ತದೆ. ಗುಂಡಿಯಲ್ಲಿ ತುಂಬಿ ರಸಮೇವು ಮಾಡಿದರೂ ಇಳಿಯುತ್ತದೆ. ಅರ್ಧ ದಿನ ಬಾಡಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ, ಅದು ಸಾಲದು. ಹಸಿದ ಆಡಿಗೆ ಮೊದಲು ರಾಗಿ ಹುಲ್ಲೋ ಹೊಟ್ಟೋ ಹಾಕಿ ಆಮೇಲೆ ಹಸಿಮೇವು ಹಾಕುವ ಅಭ್ಯಾಸ ಯಾವ ಮೇವಿಗೂ ಒಳ್ಳೆಯದು. ಆ ಮನೆಯಲ್ಲಿ ಹುರುಳಿ ಹೊಟ್ಟಿಗೆ ಕಳ್ಳತನ ಮಾಡಿದ ಆಡು ಉಳಿದದ್ದಕ್ಕೆ ಕಾರಣ ಅದೇ. ಮರಗೆಣಸಿನ ಸೊಪ್ಪು, ಸಿಪ್ಪೆಗಳಲ್ಲೂ ಇದೇ ವಿಷ; ಒಣಗಿಸದೆ ಹಾಕಬಾರದು.

ಒಂದೇ ಸಲಕ್ಕೆ ಕೊಲ್ಲುವ ಇನ್ನೊಂದು ಗಿಡ ಕಣಗಿಲೆ. ಕೆಂಪು, ಬಿಳಿ ಹೂವಿನ ಕಣಗಿಲೆ, ಗಂಟೆಯಂಥ ಹಳದಿ ಹೂವಿನ ಕಣಗಿಲೆ, ಎರಡೂ ಹೃದಯಕ್ಕೆ ವಿಷ. ಕೆಲವೇ ಎಲೆ ಸಾಕು. ಹಸಿ ಎಲೆ ಕಹಿ ಎಂದು ಆಡು ಸಾಮಾನ್ಯವಾಗಿ ಬಿಡುತ್ತದೆ. ಆದರೆ ಕತ್ತರಿಸಿ ಎಸೆದ ರೆಂಬೆ ಒಣಗಿದ ಮೇಲೆ ಕಹಿ ಅಷ್ಟಾಗಿ ಗೊತ್ತಾಗುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ದೇವಸ್ಥಾನದ ಹೂದೋಟ, ಶಾಲೆಯ ಅಂಗಳ, ಹೆದ್ದಾರಿಗಳ ನಡುಪಟ್ಟಿ, ಇಲ್ಲೆಲ್ಲ ಕಣಗಿಲೆ ನೆಡುವುದು ವಾಡಿಕೆ. ಸವರಿದ ಕಡ್ಡಿಯನ್ನು ರಸ್ತೆ ಬದಿಗೆ ಗುಡ್ಡೆ ಹಾಕಿದಾಗ ಆಡು ಅತ್ತ ಹೋಗದಂತೆ ನೋಡಿಕೊಳ್ಳಿ. ಜಾತ್ರೆ, ಹಬ್ಬ ಕಳೆದ ಮೇಲೆ ದೇವರ ಮೇಲಿಂದ ತೆಗೆದ ಹಾರಗಳನ್ನು ಆಡಿಗೆ ಹಾಕಿದರೆ ಪುಣ್ಯ ಎಂಬ ಭಾವನೆ ಕೆಲವರಲ್ಲಿದೆ. ಕಣಗಿಲೆ ಇರುವ ಹಾರವಾದರೆ ಅದು ಪುಣ್ಯವಲ್ಲ. ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಹರಳು ಗಿಡದ ಬೀಜ ಮಹಾ ವಿಷ, ಸೊಪ್ಪೂ ಒಳ್ಳೆಯದಲ್ಲ. ಹರಳಿಂಡಿ ಹೊಲಕ್ಕೆ ಗೊಬ್ಬರ, ಆಡಿಗೆ ಮೇವಲ್ಲ. ಹಿಂಡಿ ಎಂಬ ಹೆಸರು ಕೇಳಿ ಕಡಲೆಕಾಯಿ ಹಿಂಡಿಯ ಜೊತೆ ಒಂದೇ ಮೂಲೆಯಲ್ಲಿ ಇಡಬೇಡಿ. ಬೇಲಿಗೆ ನೆಡುವ ಕಾಡುಹರಳು, ತಿಪ್ಪೆಯ ಮೇಲೆ ಬೆಳೆಯುವ ಉಮ್ಮತ್ತಿ, ಗುಲಗಂಜಿ ಬೀಜ, ಇವೂ ಅದೇ ಸಾಲಿನವು. ಎಕ್ಕದ ಎಲೆಗೆ ಆಡು ಬಾಯಾಡಿಸುವುದನ್ನು ನೋಡಿ ಹೆದರಬೇಕಾಗಿಲ್ಲ, ಆದರೆ ಎಕ್ಕವನ್ನೇ ಕುಯ್ದು ತಂದು ಹಾಕಬಾರದು. ಕಾಂಗ್ರೆಸ್ ಗಿಡವನ್ನು ಆಡು ಬೇರೆ ಮೇವು ಇಲ್ಲದಿದ್ದರೆ ಮಾತ್ರ ತಿನ್ನುತ್ತದೆ. ತಿಂದರೆ ಹಾಲು ಕಹಿಯಾಗುತ್ತದೆ, ಮೂತಿಯಲ್ಲಿ ಹುಣ್ಣಾಗುತ್ತದೆ.

ಇನ್ನು ಮೆಲ್ಲಗೆ ಏರುವ ವಿಷ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನವರೂ, ಹೇಮಾವತಿ ನೀರು ಬಂದಿರುವ ಕೆ.ಆರ್. ಪೇಟೆಯವರೂ ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ನಾಲೆ, ಕೆರೆ, ಹಳ್ಳಗಳ ಅಂಚಿನಲ್ಲಿ ಆಳೆತ್ತರ ಪೊದೆಯಾಗಿ ಬೆಳೆಯುವ ಒಂದು ಗಿಡವಿದೆ. ಎಲೆ ಹೃದಯದ ಆಕಾರ, ಹೂವು ತಿಳಿ ನೇರಳೆ ಬಣ್ಣದ ಕೊಳವೆಯಂತೆ, ನೋಡಲು ಗೆಣಸಿನ ಹೂವಿನ ಹಾಗೆಯೇ. ಗೆಣಸಿನ ಜಾತಿಯದೇ ಅದು. ಶಾಸ್ತ್ರದ ಹೆಸರು ಐಪೊಮಿಯಾ ಕಾರ್ನಿಯಾ. ಕಡ್ಡಿ ಮುರಿದು ನೆಲಕ್ಕೆ ಚುಚ್ಚಿದರೆ ಬೇರು ಬಿಡುವುದರಿಂದ ಕೆಲವರು ಬೇಲಿಗೂ ನೆಟ್ಟಿದ್ದಾರೆ. ಬೇಸಗೆಯಲ್ಲಿ ಎಲ್ಲ ಒಣಗಿದಾಗಲೂ ಇದು ಹಸಿರಾಗಿರುತ್ತದೆ. ಗೆಣಸಿನ ಬಳ್ಳಿ ಆಡಿಗೆ ಒಳ್ಳೆಯ ಮೇವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಗಿಡ ಹಾಗಲ್ಲ.

ಇದನ್ನು ಆಡು ಒಂದು ದಿನ ತಿಂದರೆ ಏನೂ ಕಾಣುವುದಿಲ್ಲ. ಒಂದು ವಾರ ತಿಂದರೂ ಕಾಣದೆ ಇರಬಹುದು. ವಿಚಿತ್ರವೆಂದರೆ ಕೆಲವು ಆಡುಗಳಿಗೆ ಇದರ ಚಟ ಹತ್ತುತ್ತದೆ. ಬೇರೆ ಮೇವಿದ್ದರೂ ಇದನ್ನೇ ಹುಡುಕಿಕೊಂಡು ಹೋಗುತ್ತವೆ. ಕೆಲವು ವಾರಗಳಾದ ಮೇಲೆ ಮೈ ಇಳಿಯುತ್ತದೆ, ತಲೆ ಅಲ್ಲಾಡುತ್ತದೆ, ಹಿಂಗಾಲು ಸೋತು ತೂರಾಡುತ್ತದೆ, ಕೂತರೆ ಏಳಲಾರದು. ಇದರಲ್ಲಿರುವ ಸ್ವೈನ್ಸೊನಿನ್ ಎಂಬ ವಸ್ತು ನರದ ಜೀವಕೋಶಗಳನ್ನು ಕೆಡಿಸುತ್ತದೆ. ಬ್ರೆಜಿಲ್ ದೇಶದಲ್ಲೂ ಸೂಡಾನ್‌ನಲ್ಲೂ ಆಡುಗಳು ಇದರಿಂದ ಸತ್ತದ್ದು ದಾಖಲೆಯಾಗಿದೆ. ಮೊದಮೊದಲೇ ಗೊತ್ತಾಗಿ ಗಿಡ ತಪ್ಪಿಸಿದರೆ ಆಡು ಸುಧಾರಿಸಬಹುದು. ತಡವಾದರೆ ಇದಕ್ಕೆ ಮದ್ದಿಲ್ಲ. ಆಡು ತೂರಾಡುತ್ತಿದ್ದರೆ "ಯಾರೋ ಮಾಡಿಸಿದಾರೆ" ಎಂದು ನಿಂಬೆಹಣ್ಣು ಸುಳಿಯುವುದಕ್ಕೆ ಮುಂಚೆ, ನಾಲೆಯ ಏರಿಯ ಮೇಲೆ ಅದು ಯಾವ ಪೊದೆಯ ಹತ್ತಿರ ನಿಲ್ಲುತ್ತದೆಂದು ಒಂದು ದಿನ ಹಿಂದೆ ಹೋಗಿ ನೋಡಿ.

ಮೇಲುಕೋಟೆಯ ಬೆಟ್ಟದ ಸುತ್ತ, ನಾಗಮಂಗಲದ ಬೋರೆಗಳಲ್ಲಿ ಮೇಯಿಸುವವರಿಗೆ ಲಂಟಾನದ ಕಾಟ ಗೊತ್ತೇ ಇದೆ. ಅಂದಕ್ಕೆಂದು 19ನೆಯ ಶತಮಾನದ ಆರಂಭದಲ್ಲಿ ಹೊರದೇಶದಿಂದ ತಂದ ಹೂಗಿಡ ಇವತ್ತು ಬೆಟ್ಟಗಳನ್ನೇ ನುಂಗಿದೆ. ಹುಲ್ಲು ಇರುವಾಗ ಆಡು ಇದರ ಗೊಡವೆಗೆ ಹೋಗದು. ಬರದಲ್ಲಿ ತಿನ್ನುತ್ತದೆ. ತಿಂದದ್ದು ಹೆಚ್ಚಾದರೆ ಪಿತ್ತಕೋಶ ಕಟ್ಟಿ, ಯಕೃತ್ತು ಕೆಟ್ಟು, ಕಣ್ಣು ಹಳದಿಯಾಗುತ್ತದೆ. ಮೇವು ಬಿಟ್ಟು, ಹಿಕ್ಕೆ ಕಟ್ಟಿ, ಬಿಸಿಲಿಗೆ ಹೋಗಲಾರದೆ ನೆರಳಿಗೆ ಸೇರುತ್ತದೆ. ಬಿಸಿಲು ಬಿದ್ದ ಕಡೆ, ಕಿವಿ ಮೂತಿಗಳ ಚರ್ಮ ಬಿರಿಯುತ್ತದೆ. ಅಂಥ ಆಡನ್ನು ಕತ್ತಲೆ ಕೊಟ್ಟಿಗೆಯಲ್ಲೇ ಕಟ್ಟಿ, ಮೆತ್ತನೆ ಮೇವು, ನೀರು ಕೊಟ್ಟು ವೈದ್ಯರನ್ನು ಕರೆಸಿ. ಹೊಟ್ಟೆಯಲ್ಲಿ ಉಳಿದ ಎಲೆ ದಿನಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಆದುದರಿಂದ "ನಿನ್ನೆ ತಿಂದದ್ದಲ್ವೆ, ಹೋಗ್ಲಿ" ಎನ್ನುವ ಹಾಗಿಲ್ಲ.

ಇಷ್ಟೆಲ್ಲ ವಿಷದ ಗಿಡ ಹೇಳಿದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಆಡಿನ ಪ್ರಾಣಕ್ಕೆ ಬರುವುದು ಕಾಡಿನ ಗಿಡದಿಂದ ಮಾತ್ರವಲ್ಲ, ನಮ್ಮ ಮನೆಯ ಅನ್ನದಿಂದಲೂ ಬರುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ, ಕಣದಲ್ಲಿ ತೂರಿಟ್ಟ ರಾಗಿ, ಭತ್ತ, ಇವಕ್ಕೆ ಆಡು ಬಾಯಿ ಹಾಕಿ ಹೊಟ್ಟೆ ಬಿರಿಯ ತಿಂದರೆ, ಒಳಗೆ ಅದು ಹುಳಿತು ಆಮ್ಲವಾಗುತ್ತದೆ. ಆಡು ಮಂಕಾಗಿ, ಮೆಲುಕು ನಿಲ್ಲಿಸಿ, ಹುಳಿ ವಾಸನೆಯ ಭೇದಿ ಮಾಡಿ ಮಲಗುತ್ತದೆ. ಮಾರನೆಯ ದಿನ ಸತ್ತರೆ "ಏನೋ ಸೊಪ್ಪು ತಿಂತು" ಎನ್ನುತ್ತೇವೆ. ತಿಂದದ್ದು ಸೊಪ್ಪಲ್ಲ. ಹೀಗಾದದ್ದು ಕೂಡಲೇ ಗೊತ್ತಾದರೆ, ದೊಡ್ಡ ಆಡಿಗೆ 15ರಿಂದ 20 ಗ್ರಾಂ ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಿ, ವೈದ್ಯರಿಗೆ ಹೇಳಿ ಕಳಿಸಿ. ಮುಂಗಾರಿನ ಮೊದಲ ಚಿಗುರಿನ ಕಾಲದಲ್ಲಿ ಇದ್ದಕ್ಕಿದ್ದಂತೆ ಸಾಯುವ ಕರುಳುಬೇನೆ ಬೇರೆ. ಅದು ಸೊಪ್ಪಿನ ವಿಷವಲ್ಲ; ಎಳೆ ಮೇವು ಒಮ್ಮೆಲೇ ಹೆಚ್ಚಾದಾಗ ಕರುಳಿನಲ್ಲಿರುವ ರೋಗಾಣು ಮಾಡುವ ವಿಷ. ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸಿದರೆ ತಪ್ಪುತ್ತದೆ.

ಗದ್ದೆ ಬಯಲಿನಲ್ಲಿ ತೆವರಿಯ ಹುಲ್ಲು ಕುಯ್ಯುವವರು ಇನ್ನೊಂದು ಎಚ್ಚರ ವಹಿಸಬೇಕು. ಮೊದಲು ಗದ್ದೆ ಬದುವಿನ ಹುಲ್ಲು ಅಂದರೆ ಕಣ್ಣು ಮುಚ್ಚಿ ಹಾಕಬಹುದಾಗಿತ್ತು. ಈಗ ಭತ್ತಕ್ಕೆ, ಕಬ್ಬಿಗೆ ಹುಳುವಿನ ಔಷಧಿ, ಕಳೆಯ ಔಷಧಿ ಹೊಡೆಯುತ್ತಾರೆ. ಪಕ್ಕದ ಗದ್ದೆಯವರು ನಿನ್ನೆ ಏನು ಹೊಡೆದರೆಂದು ಕೇಳದೆ ಕುಡುಗೋಲು ಹಾಕಬೇಡಿ. ಹಿಪ್ಪುನೇರಳೆ ಸೊಪ್ಪು ಆಡಿಗೆ ಬಹಳ ಒಳ್ಳೆಯದು, ರೇಷ್ಮೆ ಮನೆಯಲ್ಲಿ ಮಿಕ್ಕದ್ದನ್ನು ಹಾಕಬಹುದು. ಆದರೆ ತೋಟಕ್ಕೆ ಔಷಧಿ ಹೊಡೆದಿದ್ದರೆ, ಹುಳುವಿನ ಹಾಸಿಗೆಗೆ ಪುಡಿ ಎರಚಿದ್ದರೆ ಆ ಸೊಪ್ಪು ಆಡಿಗೆ ಬೇಡ. ಔಷಧಿಯ ವಿಷವೇರಿದ ಆಡು ಜೊಲ್ಲು ಸುರಿಸುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಯೂರಿಯಾ ಚೀಲದಲ್ಲಿ ಹುಲ್ಲು ತುಂಬಿ ತರುವುದು ನಮ್ಮಲ್ಲಿ ಎಲ್ಲ ಕಡೆ ಇದೆ. ಉಪ್ಪಿನ ಆಸೆಗೆ ಆಡು ಆ ಚೀಲ ನೆಕ್ಕುತ್ತದೆ. ಚೀಲವನ್ನು ಎರಡು ಸಲ ಒಗೆದು ಬಳಸುವುದು ಏನೂ ಕಷ್ಟದ ಕೆಲಸವಲ್ಲ.

ಸರಿ, ಹಾಕಬಾರದ್ದು ಸಾಕು. ಹಾಕುವುದೇನು?

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅದಕ್ಕೆ ಬಡತನವಿಲ್ಲ. ಹಲಸಿನ ಎಲೆ, ಅತ್ತಿ, ಆಲ, ಅರಳಿ, ಬಸರಿ. ಬೇಲಿಯ ಎಲಚಿ, ಕಾರೆ. ಬಾಗೆ ಮರದ ಸೊಪ್ಪು, ಸೀಮೆಹುಣಸೆ, ನುಗ್ಗೆ, ಚೊಗಚೆ. ಬೇವನ್ನೂ ಬೇರೆಯದರ ಜೊತೆ ಹಾಕಬಹುದು. ಹೊಂಗೆಯನ್ನು ಆಡು ಅಷ್ಟಾಗಿ ಇಷ್ಟಪಡದು, ಬಲವಂತ ಬೇಡ. ಹೊಲದಿಂದ ಬರುವ ಹುರುಳಿ ಹೊಟ್ಟು, ಅವರೆ ಸಿಪ್ಪೆ, ಅಲಸಂದೆ ಬಳ್ಳಿ, ತೊಗರಿ ಹೊಟ್ಟು, ಕಡಲೆಕಾಯಿ ಬಳ್ಳಿ, ಇವು ಆಡಿಗೆ ಹಬ್ಬದೂಟ. ಹಸಿ ಅಲಸಂದೆ, ಕುದುರೆಮಸಾಲೆಗಳನ್ನು ಮಾತ್ರ ಇಬ್ಬನಿ ಆರಿದ ಮೇಲೆ, ಒಣಮೇವು ಹಾಕಿದ ಮೇಲೆ, ಮಿತವಾಗಿ ಕೊಡಬೇಕು. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕಬ್ಬಿನ ಕಾಲದಲ್ಲಿ ಸೋಗೆ ಬಿಟ್ಟಿ ಸಿಕ್ಕುತ್ತದೆಂದು ಅದೊಂದನ್ನೇ ಹಾಕಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ. ಜೊತೆಗೆ ದ್ವಿದಳ ಸೊಪ್ಪು, ಖನಿಜ ಮಿಶ್ರಣ ಇರಬೇಕು. ಕರಿಜಾಲಿಯ ಕಾಯಿ, ಬಳ್ಳಾರಿ ಜಾಲಿಯ ಹಣ್ಣು ಕಾಯಿ ಮಿತವಾಗಿ ಒಳ್ಳೆಯದು. ಬ್ರೆಜಿಲ್‌ನಲ್ಲಿ ತಿಂಗಳುಗಟ್ಟಲೆ ಬಳ್ಳಾರಿ ಜಾಲಿ ಜಾತಿಯ ಕಾಯಿಯನ್ನೇ ತಿಂದ ದನ, ಆಡುಗಳಿಗೆ ದವಡೆಯ ನರ ಸೋತು ಮೋರೆ ಸೊಟ್ಟಗಾದದ್ದುಂಟು.

ಎರಡು ಗಿಡಗಳ ವಿಷಯ ಜನ ಪದೇ ಪದೇ ಕೇಳುತ್ತಾರೆ. ಮೊದಲನೆಯದು ಗ್ಲಿರಿಸಿಡಿಯಾ, ನಾವು ಗೊಬ್ಬರದ ಗಿಡ ಎನ್ನುವುದು. ಅದರ ಶಾಸ್ತ್ರದ ಹೆಸರಿಗೆ 'ಇಲಿ ಕೊಲ್ಲುವುದು' ಎಂದು ಅರ್ಥ. ಅದನ್ನು ಕೇಳಿ ಹೆದರಿದವರಿದ್ದಾರೆ. ಇಲಿಯ ಹೊಟ್ಟೆ ಬೇರೆ, ಮೆಲುಕು ಹಾಕುವ ಆಡಿನ ಹೊಟ್ಟೆ ಬೇರೆ. ವಾಸನೆಗೆ ಆಡು ಮೊದಲು ಮೂತಿ ತಿರುಗಿಸುತ್ತದೆ. ಅರ್ಧ ದಿನ ಬಾಡಿಸಿ, ಗೊತ್ತಿರುವ ಸೊಪ್ಪಿನ ಜೊತೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋದರೆ ಹತ್ತು ಹದಿನೈದು ದಿನದಲ್ಲಿ ಒಗ್ಗುತ್ತದೆ. ಹಸಿಮೇವಿನಲ್ಲಿ ಮೂರನೆಯ ಒಂದು ಪಾಲಿನವರೆಗೆ ಹಾಕಬಹುದು.

ಎರಡನೆಯದು ಸುಬಾಬುಲ್. ಪೌಷ್ಟಿಕವಾದ ಸೊಪ್ಪು. ಆದರೆ ಅದರಲ್ಲಿ ಮೈಮೊಸಿನ್ ಎಂಬ ದೋಷವಿದೆ. ಅದೊಂದನ್ನೇ ಹಾಕಿದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಇದರ ಹಿಂದೆ ಒಂದು ಸ್ವಾರಸ್ಯದ ಕತೆಯಿದೆ. ಆಸ್ಟ್ರೇಲಿಯಾದಲ್ಲಿ ಈ ಸೊಪ್ಪು ತಿಂದ ದನಗಳು ಕಾಯಿಲೆ ಬೀಳುತ್ತಿದ್ದವು, ಹವಾಯಿ ದ್ವೀಪದ ಆಡುಗಳು ಮಾತ್ರ ಹಾಯಾಗಿ ತಿನ್ನುತ್ತಿದ್ದವು. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಇದಕ್ಕೆ ಕಾರಣ ಆ ಆಡುಗಳ ಹೊಟ್ಟೆಯಲ್ಲಿರುವ ಒಂದು ಸೂಕ್ಷ್ಮಜೀವಿ ಎಂದು ಊಹಿಸಿ, 1980ರ ದಶಕದಲ್ಲಿ ಅದನ್ನು ತಂದು ತಮ್ಮ ದೇಶದ ಜಾನುವಾರುಗಳ ಹೊಟ್ಟೆಗೆ ಸೇರಿಸಿ ಗೆದ್ದರು. 1992ರಲ್ಲಿ ಆ ಸೂಕ್ಷ್ಮಜೀವಿಗೆ ಅವರ ಹೆಸರನ್ನೇ ಸೇರಿಸಿ ಹೆಸರಿಟ್ಟರು. ನಮ್ಮ ಮಟ್ಟಿಗೆ, ಸುಬಾಬುಲ್ ಕೂಡ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗದಿದ್ದರೆ ಭಯವಿಲ್ಲ.

30 ಕಿಲೋ ತೂಗುವ ಆಡಿಗೆ ದಿನಕ್ಕೆ ಸುಮಾರು 3ರಿಂದ 4 ಕಿಲೋ ಹಸಿಮೇವು, ಜೊತೆಗೆ ಒಂದಿಷ್ಟು ಒಣಮೇವು ಬೇಕಾಗುತ್ತದೆ. ಒಂದೇ ಸೊಪ್ಪಿನ ಹೊರೆ ತರುವ ಬದಲು ಮೂರು ನಾಲ್ಕು ಬಗೆಯದನ್ನು ಕಟ್ಟಿ ತನ್ನಿ. ನೆಲಕ್ಕೆ ಹರಡದೆ, ಆಡಿನ ತಲೆಗಿಂತ ಸ್ವಲ್ಪ ಮೇಲೆ ಕಟ್ಟಿ ತೂಗುಹಾಕಿ. ಕತ್ತೆತ್ತಿ ಮೇಯುವುದು ಅದರ ಹುಟ್ಟುಗುಣ, ಹಿಕ್ಕೆ ಮೆತ್ತದ ಸೊಪ್ಪು ತಿಂದರೆ ಹೊಟ್ಟೆಹುಳುವೂ ಕಡಿಮೆ. ಮನೆಯಲ್ಲಿ ಮೇಯಿಸುವವರಿಗೆ ಜ್ವರ ಬರಬಹುದು, ಕೂಲಿ ಬರಬಹುದು, ನಂಟರ ಮದುವೆ ಬರಬಹುದು. ಅಂಥ ದಿನಕ್ಕೆಂದು ಹೊಲದ ಬದುವಿನ ಮೇಲೆ ನಾಲ್ಕು ಚೊಗಚೆ, ನಾಲ್ಕು ನುಗ್ಗೆ, ಎಂಟು ಹತ್ತು ಗೊಬ್ಬರದ ಗಿಡ ಹಾಕಿಕೊಂಡಿರಿ. ನಾಗಮಂಗಲದ ಒಣಭೂಮಿಯಲ್ಲೂ ಗೊಬ್ಬರದ ಗಿಡದ ಕಡ್ಡಿ ಮುಂಗಾರಿನಲ್ಲಿ ನೆಟ್ಟರೆ ಹಿಡಿಯುತ್ತದೆ. ಅಟ್ಟದ ಮೇಲೆ ಒಂದು ಮೂಟೆ ಹುರುಳಿ ಹೊಟ್ಟು ಇರಲಿ.

ಇಷ್ಟಾಗಿಯೂ ಆಡು ವಿಷ ತಿಂದಿತೆಂದು ಅನುಮಾನ ಬಂದರೆ, ಬಾಯಲ್ಲಿರುವ ಮೇವು ತೆಗೆಯಿರಿ, ನೆರಳಿಗೆ ತನ್ನಿ, ಓಡಿಸಬೇಡಿ. ನಿಲ್ಲಲಾರದೆ ಬಿದ್ದ ಆಡಿನ ತಲೆ ಎತ್ತಿ ಎಣ್ಣೆ, ಮಜ್ಜಿಗೆ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ವಿಷಕ್ಕಿಂತ ಮೊದಲೇ ಕೊಲ್ಲುತ್ತದೆ. ಬರೆ ಎಳೆಯುವುದರಿಂದ, ಕಿವಿ ಕುಯ್ಯುವುದರಿಂದ ಯಾವ ವಿಷವೂ ಇಳಿಯುವುದಿಲ್ಲ. ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ, ಇಲ್ಲವೆ 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶು ವೈದ್ಯರ ಸಂಚಾರಿ ವಾಹನಕ್ಕೆ ಸುದ್ದಿ ಹೋಗುತ್ತದೆ. ತಿಂದ ಗಿಡದ ಒಂದು ಕಡ್ಡಿಯನ್ನು ಎಲೆ ಹೂವಿನ ಸಮೇತ ತೆಗೆದಿಡಿ. "ಏನೋ ಹಸುರುಗೆ ಇತ್ತು ಸಾ" ಎಂದರೆ ವೈದ್ಯರಾದವರು ಏನು ಮಾಡಿಯಾರು?

ಕೊನೆಯದಾಗಿ, ಹೇಳಲು ಮನಸ್ಸಿಗೆ ಕಷ್ಟವಾದ ಮಾತು. ಆಡು ಸಾಯುತ್ತಿದೆ ಎಂದು ಗೊತ್ತಾದಾಗ, ಇರುವಷ್ಟಾದರೂ ದಕ್ಕಲಿ ಎಂದು ಕುಯ್ದು ಪಾಲು ಹಾಕುವುದು ಎಲ್ಲ ಊರಲ್ಲೂ ನಡೆಯುತ್ತದೆ. ನಷ್ಟದ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ಔಷಧಿಯ ವಿಷದಿಂದ ಸತ್ತ ಆಡಿನ ಮಾಂಸ ಮನೆಯ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಇದ್ದಕ್ಕಿದ್ದ ಹಾಗೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ಸೊಪ್ಪಿನ ವಿಷವೇ ಅಲ್ಲ, ನೆರಡಿ ರೋಗ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ. ಅಂಥದನ್ನು ಕುಯ್ಯಬೇಡಿ, ಚರ್ಮ ಸುಲಿಯಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ವೈದ್ಯರು ಬಂದು ನೋಡುವವರೆಗೆ ನಾಯಿ ಎಳೆಯದಂತೆ ಕಾಯ್ದು, ಆಮೇಲೆ ಅವರು ಹೇಳಿದ ಹಾಗೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.